ಎರಡು ಪಟ್ಟಿ, ನಾಲ್ಕು ತಾಲ್ಲೂಕು, ಒಂದು ಸ್ಕ್ರಿಪ್ಟ್

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಒಂದು ಕೆಲಸಕ್ಕೆ ಕೈ ಹಾಕಿದ್ವಿ. ನಾಲ್ಕೂ ಜನ ಕೋಲಾರ ಜಿಲ್ಲೆಯವರೇ. ಒಬ್ಬ ಕೋಲಾರ, ಒಬ್ಬ ಮಾಲೂರು, ಒಬ್ಬ ಮುಳಬಾಗಿಲು, ಒಬ್ಬಳು ಶ್ರೀನಿವಾಸಪುರ. ಕನ್ನಡ ಸಂಘದ ಮೀಟಿಂಗ್‌ನಲ್ಲಿ ಸೀನಿಯರ್ ಒಬ್ಬರು "ನಿಮ್ಮ ಕಡೆ ಅಷ್ಟೊಂದು ಶಾಸನಗಳಿವೆಯಂತೆ, ಹೋಗಿ ಒಂದು ಸಲ ನೋಡ್ಕೊಂಡಾದ್ರೂ ಬನ್ರೋ" ಅಂದಿದ್ದೇ ನೆಪ ಆಯ್ತು.

ನೋಡೋಕೆ ಹೋಗಬೇಕಾದ್ರೆ ಮೊದಲು ಯಾವ ಊರಿಗೆ ಹೋಗಬೇಕು ಅಂತ ಗೊತ್ತಿರಬೇಕಲ್ಲ. ಅದಕ್ಕೆ ಪುಸ್ತಕ ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಬಿ. ಎಲ್. ರೈಸ್ ಅವರು ಜಿಲ್ಲೆ ಜಿಲ್ಲೆಯ ಶಾಸನಗಳನ್ನು ಸೇರಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಅಂತ ಸಂಪುಟಗಳನ್ನು ತಂದರು. ಅದರ 10ನೇ ಸಂಪುಟ ಕೋಲಾರ ಜಿಲ್ಲೆಯದು, 1905ರಲ್ಲಿ ಬಂದಿದ್ದು. ಶಾಸನಗಳನ್ನು ತಾಲ್ಲೂಕಿನ ಪ್ರಕಾರ ವಿಂಗಡಿಸಿ, ಪ್ರತಿ ತಾಲ್ಲೂಕಿಗೂ 1ರಿಂದ ನಂಬರ್ ಕೊಟ್ಟಿದ್ದಾರೆ. ಇವತ್ತಿಗೂ ಇತಿಹಾಸದ ಲೇಖನಗಳಲ್ಲಿ "10ನೇ ಸಂಪುಟ, ಮುಳಬಾಗಿಲು ಇಂತಿಷ್ಟನೇ ಶಾಸನ" ಅಂತಲೇ ಬರೆಯೋದು. ಡೇಟಾಬೇಸ್ ಭಾಷೆಯಲ್ಲಿ ಹೇಳಬೇಕಂದ್ರೆ ಸಂಪುಟ, ತಾಲ್ಲೂಕು, ನಂಬರ್ ಮೂರೂ ಸೇರಿ ಒಂದು ಪ್ರೈಮರಿ ಕೀ. ನೂರು ವರ್ಷದಿಂದ ಬದಲಾಗದ ಕೀ. ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ಹದಿನೈದು ದಿನಕ್ಕೆ ಮೂರು ಸಲ ಬದಲಾಗಿತ್ತು, ಅದು ಬೇರೆ ವಿಷಯ.

ಇದು ಒಂದು ಪಟ್ಟಿ. ಇನ್ನೊಂದು, 2011ರ ಜನಗಣತಿಯ ಗ್ರಾಮಗಳ ಪಟ್ಟಿ. ಅದರಲ್ಲಿ ಪ್ರತಿ ಗ್ರಾಮಕ್ಕೂ 6 ಅಂಕಿಯ ಕೋಡ್ ಇರುತ್ತೆ. ಎರಡೂ ಪಟ್ಟಿ ಸೇರಿಸಿಬಿಟ್ರೆ ಯಾವ ಶಾಸನ ಇವತ್ತಿನ ಯಾವ ಗ್ರಾಮದಲ್ಲಿದೆ ಅಂತ ಗೊತ್ತಾಗುತ್ತೆ, ಅದನ್ನು ಹಿಡಿದುಕೊಂಡು ನಾವು ನಮ್ಮ ನಮ್ಮ ತಾಲ್ಲೂಕು ಸುತ್ತಬಹುದು. ಒಂದು ಸಂಜೆ ಕೆಲಸ ಅಂದ್ಕೊಂಡ್ವಿ. ಹತ್ತಿರ ಹತ್ತಿರ ಎರಡು ತಿಂಗಳು ಹಿಡೀತು. ಏನೇನು ತಪ್ಪು ಮಾಡಿದ್ವಿ ಅನ್ನೋದನ್ನೂ ಸೇರಿಸಿ ಬರೀತಿದ್ದೀವಿ. ಲ್ಯಾಬ್‌ನಲ್ಲಿ, ಇಂಟರ್ನ್‌ಶಿಪ್‌ನಲ್ಲಿ, ಎಲ್ಲಾದರೂ ಒಂದು ಕಡೆ ಎರಡು ಟೆಕ್ಸ್ಟ್ ಫೈಲ್ ಸೇರಿಸೋ ಕೆಲಸ ಎಲ್ಲರ ತಲೆ ಮೇಲೂ ಬಂದೇ ಬರುತ್ತೆ.

ಡಿಫ್ ಯಾಕೆ ಸಾಲಲ್ಲ

ಎರಡು ಫೈಲ್ ಹೋಲಿಸೋದು ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು 'ಡಿಫ್'. 1974ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಜೊತೆ ಬಂದ ಕಮಾಂಡ್ ಇದು. ಡಗ್ಲಾಸ್ ಮೆಕಿಲ್ರಾಯ್ ಬರೆದಿದ್ದು. ಒಳಗಡೆ ನಡೆಯೋದು ಡಿಎಎ ಪೇಪರ್‌ನಲ್ಲಿ ಬರೋ ಲಾಂಗೆಸ್ಟ್ ಕಾಮನ್ ಸಬ್‌ಸೀಕ್ವೆನ್ಸ್ ಲೆಕ್ಕವೇ. ಎರಡೂ ಫೈಲ್‌ನಲ್ಲಿ ಅದೇ ಕ್ರಮದಲ್ಲಿ ಬರೋ ಲೈನ್‌ಗಳನ್ನು ಆದಷ್ಟು ಜಾಸ್ತಿ ಹುಡುಕಿ, ಮಿಕ್ಕಿದ್ದನ್ನು "ಇದು ಹೋಯ್ತು, ಇದು ಬಂತು" ಅಂತ ತೋರಿಸುತ್ತೆ. ಒಂದೇ ಪ್ರೋಗ್ರಾಮ್‌ನ ಹಳೇ ವರ್ಷನ್, ಹೊಸ ವರ್ಷನ್ ಹೋಲಿಸೋಕೆ ಅದ್ಭುತ. ಆದ್ರೆ ಅದಕ್ಕೆ ಕ್ರಮ ಮುಖ್ಯ. ಒಂದು ಪಟ್ಟಿ ಹೋಬಳಿ ಪ್ರಕಾರ, ಇನ್ನೊಂದು ಕೋಡ್ ಪ್ರಕಾರ ಇದ್ರೆ, ಎರಡರಲ್ಲೂ ಅವೇ ಊರುಗಳಿದ್ದರೂ ಡಿಫ್ ಪೂರ್ತಿ ಫೈಲ್ ಬೇರೆ ಅಂತ ಚೀರಾಡುತ್ತೆ.

ಎರಡನ್ನೂ ಸಾರ್ಟ್ ಮಾಡಿದ ಮೇಲೆ 'ಕಾಮ್' ಅನ್ನೋ ಕಮಾಂಡ್ ಕೊಟ್ಟರೆ ಮೂರು ಕಾಲಮ್ ಬರುತ್ತೆ: ಮೊದಲನೇ ಫೈಲ್‌ನಲ್ಲಿ ಮಾತ್ರ ಇರೋದು, ಎರಡನೇದರಲ್ಲಿ ಮಾತ್ರ ಇರೋದು, ಎರಡರಲ್ಲೂ ಇರೋದು. 'ಜಾಯಿನ್' ಅನ್ನೋದು ಒಂದು ಕಾಲಮ್ ಹೊಂದಿಸಿ ಎರಡೂ ಕಡೆಯ ಮಾಹಿತಿ ಒಂದೇ ಲೈನ್‌ಗೆ ತರುತ್ತೆ. ಎರಡಕ್ಕೂ ಒಂದೇ ಷರತ್ತು, ಫೈಲ್‌ಗಳು ಒಂದೇ ರೀತಿ ಸಾರ್ಟ್ ಆಗಿರಬೇಕು. ಇಲ್ಲೊಂದು ತಮಾಷೆ ಇದೆ. ವರ್ಣಮಾಲೆಯಲ್ಲಿ ನಾವು ಕಲಿತಿದ್ದು ಹ ಆದ ಮೇಲೆ ಳ. ಯೂನಿಕೋಡ್‌ನಲ್ಲಿ ಳ ಕೂತಿರೋದು ಲ ಪಕ್ಕದಲ್ಲಿ, ವ ಬರೋಕೂ ಮುಂಚೆ. ಹಾಗಾಗಿ ಕಂಪ್ಯೂಟರ್ ಬರೀ ಕೋಡ್ ನೋಡಿ ಸಾರ್ಟ್ ಮಾಡಿದ್ದೂ ನಮ್ಮ ಕನ್ನಡ ಮೇಷ್ಟ್ರು ಮಾಡಿಸೋ ಅಕಾರಾದಿಯೂ ಒಂದೇ ಅಲ್ಲ. ಎರಡು ಲ್ಯಾಪ್‌ಟಾಪ್‌ನಲ್ಲಿ ಲೋಕೇಲ್ ಬೇರೆ ಬೇರೆ ಇದ್ರೆ ಎರಡು ಥರ ಸಾರ್ಟ್ ಆಗುತ್ತೆ, ಆಮೇಲೆ ಜಾಯಿನ್ ಇದ್ದ ಊರನ್ನೂ ಇಲ್ಲ ಅನ್ನುತ್ತೆ.

ನಮಗೆ ಈ ಸಾರ್ಟ್ ಮಾಡಿದ್ದೇ ಮೊದಲನೇ ಏಟು ಕೊಡ್ತು. ಆದ್ರೆ ಕೊಟ್ಟಿದ್ದು ಅಂತ ಗೊತ್ತಾಗಿದ್ದು ಬಹಳ ದಿನ ಆದ ಮೇಲೆ. ಅದಕ್ಕೆ ಆಮೇಲೆ ಬರ್ತೀವಿ.

ಕೋಲಾರ ಅಲ್ಲದ ಕೋಲಾರ

ಪಟ್ಟಿಯನ್ನು ಸ್ಕ್ಯಾನ್ ಆದ ಪುಸ್ತಕ ನೋಡಿ ನಾವೇ ಟೈಪ್ ಮಾಡಿದ್ದು, ಅವರವರ ತಾಲ್ಲೂಕು ಅವರವರಿಗೆ. ಜನಗಣತಿಯ ಇಂಗ್ಲಿಷ್ ಹೆಸರುಗಳ ಪಕ್ಕದಲ್ಲೂ ಕನ್ನಡ ಹೆಸರನ್ನು ನಾವೇ ಬರೆದ್ವಿ. ಇಂಗ್ಲಿಷ್ ಸ್ಪೆಲಿಂಗ್ ನೋಡಿದ್ರೆ ಲ ಯಾವುದು, ಳ ಯಾವುದು, ದೀರ್ಘ ಎಲ್ಲಿ ಅಂತ ಗೊತ್ತಾಗಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗಂತೂ ಮನೆಗೆ ಫೋನ್ ಮಾಡಿ ಕೇಳದೆ ಬೇರೆ ದಾರಿ ಇರ್ಲಿಲ್ಲ. ಒಬ್ಬ ಫೋನ್‌ನಲ್ಲೇ ಟೈಪ್ ಮಾಡಿದ, ಒಬ್ಬ ಲ್ಯಾಪ್‌ಟಾಪ್‌ನಲ್ಲಿ, ಇನ್ನೊಬ್ಬಳು ಇಂಗ್ಲಿಷ್ ಅಕ್ಷರ ಒತ್ತಿದ್ರೆ ಕನ್ನಡ ಆಗೋ ಥರದ್ದರಲ್ಲಿ. ಮಾಲೂರಿನವನು ಮಾವನ ಡಿಟಿಪಿ ಅಂಗಡಿಯಲ್ಲಿ ಕೂತು ಹಳೇ ಕಾಲದ ಫಾಂಟ್‌ನಲ್ಲಿ ಹೊಡೆದು ತಂದ. ಆ ಫಾಂಟ್ ತೆಗೆದು ನೋಡಿದ್ರೆ ಒಳಗಿರೋದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದನ್ನು ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿಕೊಂಡ್ವಿ.

ನಾಲ್ಕು ಫೈಲ್ ಸೇರಿಸಿ ಮೊದಲ ಸಲ ಸ್ಕ್ರಿಪ್ಟ್ ಓಡಿಸಿದಾಗ 'ಕೋಲಾರ' ಮತ್ತು 'ಕೋಲಾರ' ಎರಡೂ ಬೇರೆ ಬೇರೆ ಅಂತು. ಸ್ಕ್ರೀನ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತೆ. ಫಾಂಟ್ ದೊಡ್ಡದು ಮಾಡಿ ನೋಡಿದ್ವಿ, ಏನೂ ವ್ಯತ್ಯಾಸ ಇಲ್ಲ.

ವಿಷಯ ಏನಂದ್ರೆ, 'ಕೋ' ಅನ್ನೋದನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿ ಬರೆಯಬಹುದು. ಕ ಆದ ಮೇಲೆ ಓತ್ವ ಅಂತ ಒಂದೇ ಕೋಡ್ ಹಾಕಬಹುದು. ಅಥವಾ ಕ, ಆಮೇಲೆ ಎತ್ವ, ಆಮೇಲೆ ಊ ಸ್ವರದ ಕೊಂಬು, ಕೊನೆಗೆ ದೀರ್ಘದ ಗುರುತು, ಹೀಗೆ ಬಿಡಿಬಿಡಿಯಾಗಿ ಹಾಕಬಹುದು. ಮೊದಲನೇ ರೀತಿಯಲ್ಲಿ 'ಕೋಲಾರ' 5 ಕೋಡ್‌ಗಳು, ಎರಡನೇ ರೀತಿಯಲ್ಲಿ 7. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೆ 3 ಬೈಟ್, ಅಂದ್ರೆ ಒಂದು 15 ಬೈಟ್, ಇನ್ನೊಂದು 21. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. 'ಶ್ರೀನಿವಾಸಪುರ'ಕ್ಕೂ ಇದೇ ಕಾಟ, ಗುಡಿಸು ಮತ್ತು ದೀರ್ಘ ಬೇರೆ ಬೇರೆ ಇರಬಹುದು. 'ಮಾಲೂರು' ಅನ್ನೋದರಲ್ಲಿ ಮಾತ್ರ ಇಂಥ ಒಡೆಯೋ ಸ್ವರ ಒಂದೂ ಇಲ್ಲ. ಎಲ್ಲರ ಫೈಲ್ ಕೆಡಿಸಿದ ಮಾಲೂರಿನವನ ಊರಿನ ಹೆಸರು ಮಾತ್ರ ಕೆಡಲಿಲ್ಲ ಅಂತ ಇನ್ನೂ ರೇಗಿಸ್ತಾ ಇರ್ತೀವಿ.

ಇದಕ್ಕೆ ಮದ್ದು ಸುಲಭ. ಪೈಥಾನ್‌ನಲ್ಲಿ 'ಯೂನಿಕೋಡ್‌ಡೇಟಾ' ಅನ್ನೋ ಮಾಡ್ಯೂಲ್ ಜೊತೆಯಲ್ಲೇ ಬರುತ್ತೆ. ಅದರ 'ನಾರ್ಮಲೈಸ್' ಫಂಕ್ಷನ್‌ಗೆ 'ಎನ್‌ಎಫ್‌ಸಿ' ಅಂತ ಹೇಳಿ ಹೆಸರು ಕೊಟ್ಟರೆ ಬಿಡಿ ಸ್ವರಗಳನ್ನೆಲ್ಲ ಕೂಡಿಸಿ ಒಂದೇ ರೂಪಕ್ಕೆ ತರುತ್ತೆ. ಆದ್ರೆ ಅದು ಎಲ್ಲಾ ಮಾಡಲ್ಲ. 'ಮುಳ್‌ಬಾಗಲು' ಅಂತ ಬರೆಯೋವಾಗ ಒತ್ತಕ್ಷರ ಆಗದಿರಲಿ ಅಂತ ಮಧ್ಯೆ ಒಂದು ಕಾಣದ ಅಕ್ಷರ ಹಾಕ್ತೀವಲ್ಲ, ಝಡ್‌ಡಬ್ಲ್ಯುಎನ್‌ಜೆ, ಅದು ಹಾಗೇ ಉಳಿಯುತ್ತೆ, ಬೇರೆಯಾಗಿ ತೆಗೀಬೇಕು. ಸೊನ್ನೆಯ ಬದಲು ಸೊನ್ನೆ ಹಾಕೋದು ಇನ್ನೊಂದು: ಅನುಸ್ವಾರ ಹಾಕೋ ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ. ಬಂಗಾರಪೇಟೆ ಅಂತ ಬರೆದ್ರೂ ನೋಡೋಕೆ ಗೊತ್ತಾಗಲ್ಲ. ಆಮೇಲೆ ವಿಂಡೋಸ್‌ನಲ್ಲಿ ಸೇವ್ ಮಾಡಿದ ಫೈಲ್‌ನಲ್ಲಿ ಪ್ರತಿ ಲೈನ್ ಕೊನೆಗೆ ಒಂದು ಜಾಸ್ತಿ ಕಾಣದ ಅಕ್ಷರ, ಕೆಲವು ಸಲ ಫೈಲ್ ಶುರುವಲ್ಲೇ ಒಂದು. ಊರಿನ ಹೆಸರು ಕೊನೇ ಕಾಲಮ್‌ನಲ್ಲಿದ್ರೆ ಒಂದೂ ಹೊಂದಲ್ಲ, ಕಾರಣಾನೂ ತಿಳಿಯಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ತೆಗೆದು ಸೇವ್ ಮಾಡಿದ್ರೆ ಕೋಡ್‌ನ ಮುಂದಿನ ಸೊನ್ನೆಗಳು ಹಾರಿಹೋಗೋದು ಎಲ್ಲರಿಗೂ ಗೊತ್ತಿರೋದೇ.

ಇವನ್ನೆಲ್ಲ ಫೈಲ್‌ನಲ್ಲಿ ಕೈಯಿಂದ ತಿದ್ದಬೇಡಿ. ನಾವು ಮೊದಲು ಅದನ್ನೇ ಮಾಡಿದ್ವಿ. ಮೂರನೇ ದಿನ ಯಾರು ಯಾವ ಲೈನ್ ತಿದ್ದಿದ್ರು ಅಂತ ಯಾರಿಗೂ ನೆನಪಿರ್ಲಿಲ್ಲ. ಟೈಪ್ ಮಾಡಿದ ಮೂಲ ಫೈಲ್ ಹಾಗೇ ಇರಬೇಕು. ಶುದ್ಧ ಮಾಡೋ ಕೆಲಸ ಸ್ಕ್ರಿಪ್ಟ್ ಒಳಗಿನ ಒಂದು ಫಂಕ್ಷನ್‌ನಲ್ಲಿರಬೇಕು, ಎರಡೂ ಪಟ್ಟಿಯ ಹೆಸರು ಆ ಒಂದೇ ಫಂಕ್ಷನ್ ದಾಟಿ ಬರಬೇಕು. ಹೊಸದಾಗಿ ತಪ್ಪು ಸಿಕ್ಕಿದ್ರೆ ಫಂಕ್ಷನ್‌ಗೆ ಒಂದು ಲೈನ್ ಸೇರಿಸಿ ಮತ್ತೆ ಮೊದಲಿಂದ ಓಡಿಸಿದ್ರಾಯ್ತು.

ಸ್ಕ್ರಿಪ್ಟ್

ಸ್ಕ್ರಿಪ್ಟ್‌ನ ಹೊಟ್ಟೆಯಲ್ಲಿರೋದು ಒಂದು ಡಿಕ್ಷನರಿ, ಅಷ್ಟೇ. ಕನ್ನಡದಲ್ಲಿ ಬರೆದ್ರೆ ಹೀಗೆ:

ಜನಗಣತಿ ಫೈಲ್‌ನ ಪ್ರತಿ ಲೈನ್ ಓದು
— ಕೀ ಅಂದ್ರೆ ತಾಲ್ಲೂಕು, ಜೊತೆಗೆ ಶುದ್ಧ ಮಾಡಿದ ಊರ ಹೆಸರು
— ಆ ಕೀ ಹತ್ರ ಇರೋ ಲಿಸ್ಟ್‌ಗೆ ಈ ಗ್ರಾಮದ ಕೋಡ್ ಸೇರಿಸು
ಶಾಸನ ಫೈಲ್‌ನ ಪ್ರತಿ ಲೈನ್ ಓದು
— ಅದೇ ಥರ ಕೀ ಮಾಡು, ಡಿಕ್ಷನರಿಯಲ್ಲಿ ಹುಡುಕು
— ಒಂದೇ ಗ್ರಾಮ ಸಿಕ್ಕಿದ್ರೆ 'ಹೊಂದಿದ್ದು' ಫೈಲ್‌ಗೆ ಬರಿ
— ಒಂದಕ್ಕಿಂತ ಹೆಚ್ಚು ಸಿಕ್ಕಿದ್ರೆ 'ಗೊಂದಲ' ಫೈಲ್‌ಗೆ ಬರಿ
— ಸಿಗದೇ ಹೋದ್ರೆ 'ಉಳಿಕೆ' ಫೈಲ್‌ಗೆ ಬರಿ

ಇಲ್ಲಿ ಲಿಸ್ಟ್ ಯಾಕೆ, ನೇರವಾಗಿ ಕೋಡ್ ಇಟ್ಟರೆ ಸಾಲದೇ ಅಂತ ಕೇಳಬಹುದು. ಸಾಲಲ್ಲ. ಹೊಸಹಳ್ಳಿ, ಗೊಲ್ಲಹಳ್ಳಿ, ಕುರುಬರಹಳ್ಳಿ ಇಂಥ ಹೆಸರು ಒಂದು ತಾಲ್ಲೂಕಿಗೆ ಒಂದೇ ಇರುತ್ತೆ ಅಂತ ನಂಬೋಕಾಗಲ್ಲ. ನೇರವಾಗಿ ಇಟ್ಟರೆ ಎರಡನೇ ಹೊಸಹಳ್ಳಿ ಮೊದಲನೇದರ ಮೇಲೆ ಕೂತು ಅದನ್ನು ಅಳಿಸಿಹಾಕುತ್ತೆ, ಎರರ್ ಕೂಡ ಬರಲ್ಲ. ಜಾಯಿನ್ ಕಮಾಂಡ್ ಬಳಸಿದ್ರೆ ತಪ್ಪು ಉಲ್ಟಾ ಆಗುತ್ತೆ. ಹೊಸಹಳ್ಳಿಯದು 3 ಶಾಸನ, ಹೊಸಹಳ್ಳಿ ಹೆಸರಿನ ಗ್ರಾಮ 2 ಇದ್ರೆ 6 ಲೈನ್ ಬರುತ್ತೆ. ಮೂರು ಕಲ್ಲು ಆರಾಗಿಬಿಡುತ್ತೆ! ಅದಕ್ಕೇ ಗೊಂದಲ ಅಂತ ಬೇರೆ ಫೈಲ್. ಅಲ್ಲಿ ಹೋಬಳಿ ನೋಡಿ ತೀರ್ಮಾನ ಮಾಡೋದು ಮನುಷ್ಯರ ಕೆಲಸ.

ಪ್ರತಿ ಸಲ ಓಡಿಸಿದ ಮೇಲೂ ಒಂದು ಲೆಕ್ಕ ಕೂಡಲೇಬೇಕು: ಹೊಂದಿದ್ದು, ಗೊಂದಲ, ಉಳಿಕೆ ಮೂರರ ಲೈನ್‌ಗಳನ್ನು ಕೂಡಿದ್ರೆ ಶಾಸನ ಫೈಲ್‌ನ ಒಟ್ಟು ಲೈನ್ ಬರಬೇಕು. ಕಿರಾಣಿ ಅಂಗಡಿಯವರು ರಾತ್ರಿ ಗಲ್ಲಾ ಎಣಿಸೋ ಥರ. ಈ ಒಂದು ಚೆಕ್ ನಮ್ಮನ್ನು ಎಷ್ಟು ಸಲ ಉಳಿಸ್ತು ಅಂದ್ರೆ ಅದನ್ನು ಸ್ಕ್ರಿಪ್ಟ್ ಕೊನೆಗೇ ಹಾಕಿಬಿಟ್ವಿ, ಕೂಡದಿದ್ರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತೆ.

ಹೆಸರು ಸ್ವಲ್ಪ ಬೇರೆ ಇದ್ದಾಗ ಏನು ಮಾಡೋದು? ಮುಳಬಾಗಿಲು, ಮುಳಬಾಗಲು, ಮುಳುಬಾಗಿಲು ಮೂರೂ ಬೋರ್ಡ್‌ಗಳಲ್ಲಿ ಕಾಣಿಸುತ್ತೆ. ಮಾಸ್ತಿಯವರು ಹುಟ್ಟಿದ ಮಾಲೂರು ತಾಲ್ಲೂಕಿನ ಊರನ್ನು ಒಬ್ಬರು ಹುಂಗೇನಹಳ್ಳಿ ಅಂತ, ಇನ್ನೊಬ್ಬರು ಹೊಂಗೇನಹಳ್ಳಿ ಅಂತ ಬರೀತಾರೆ. ಇದಕ್ಕೆ ಪುಸ್ತಕದ ಉತ್ತರ ಎಡಿಟ್ ಡಿಸ್ಟೆನ್ಸ್. 1965ರಲ್ಲಿ ವ್ಲಾದಿಮಿರ್ ಲೆವೆನ್‌ಸ್ಟೈನ್ ಕೊಟ್ಟ ಲೆಕ್ಕ: ಒಂದು ಪದವನ್ನು ಇನ್ನೊಂದು ಮಾಡೋಕೆ ಎಷ್ಟು ಅಕ್ಷರ ಸೇರಿಸಬೇಕು, ತೆಗೀಬೇಕು, ಬದಲಿಸಬೇಕು. ಹುಂಗೇನಹಳ್ಳಿಗೂ ಹೊಂಗೇನಹಳ್ಳಿಗೂ ಬರೀ 1. ಮುಳಬಾಗಿಲುಗೂ ಮುಳಬಾಗಲುಗೂ 1. ಖುಷಿಯಾಗಿ "2ರವರೆಗೂ ಇದ್ರೆ ಒಂದೇ ಊರು ಅಂದ್ಕೋ" ಅಂತ ಬರೆದ್ವಿ.

ಹಾಗೆ ಮಾಡಬಾರದಿತ್ತು. ಶ್ರೀನಿವಾಸಪುರ ತಾಲ್ಲೂಕಿನ ರೋಣೂರಿಗೂ ಕೋಲಾರ ತಾಲ್ಲೂಕಿನ ಹೋಳೂರಿಗೂ ದೂರ 2. ಎರಡೂ ಹೋಬಳಿ ಕೇಂದ್ರಗಳು, ಒಂದಕ್ಕೊಂದು ಸಂಬಂಧವೇ ಇಲ್ಲ. ಅದೇ ನಮ್ಮ ಕಡೆ, ಅದರಲ್ಲೂ ಆಂಧ್ರದ ಗಡಿಗೆ ಅಂಟಿಕೊಂಡಿರೋ ಶ್ರೀನಿವಾಸಪುರ, ಮುಳಬಾಗಿಲಲ್ಲಿ, ಮನೆಯಲ್ಲಿ ತೆಲುಗು, ಕಾಗದದಲ್ಲಿ ಕನ್ನಡ. ಒಂದೇ ಊರು ಒಬ್ಬರ ಬಾಯಲ್ಲಿ 'ಪಲ್ಲಿ', ಇನ್ನೊಬ್ಬರ ದಾಖಲೆಯಲ್ಲಿ 'ಹಳ್ಳಿ'. ಈ ಎರಡರ ನಡುವೆ ದೂರ 3! ಬೇರೆ ಊರುಗಳು ಹತ್ತಿರ, ಅದೇ ಊರು ದೂರ. ಲೆವೆನ್‌ಸ್ಟೈನ್‌ಗೆ ಕೋಲಾರದ ತೆಲುಗು ಗೊತ್ತಿರ್ಲಿಲ್ಲ, ಅವರ ತಪ್ಪಲ್ಲ. ಕೊನೆಗೆ ಎಡಿಟ್ ಡಿಸ್ಟೆನ್ಸ್ ಅನ್ನು ತೀರ್ಪು ಕೊಡೋಕೆ ಬಿಡದೆ, ಸಲಹೆ ಕೊಡೋಕೆ ಮಾತ್ರ ಇಟ್ಟುಕೊಂಡ್ವಿ. ಉಳಿಕೆಯ ಪ್ರತಿ ಹೆಸರಿನ ಮುಂದೆ ಅದೇ ತಾಲ್ಲೂಕಿನ ಹತ್ತಿರದ ಮೂರು ಹೆಸರು ತೋರಿಸುತ್ತೆ, ಆರಿಸೋದು ಆ ತಾಲ್ಲೂಕಿನವರು. ಆರಿಸಿದ್ದು 'ಹೊಂದಾಣಿಕೆ' ಅನ್ನೋ ಮೂರನೇ ಫೈಲ್‌ಗೆ ಹೋಗುತ್ತೆ: ಹಳೇ ಹೆಸರು, ಹೊಸ ಹೆಸರು, ಯಾಕೆ, ಯಾರು ಹೇಳಿದ್ದು.

ಈ ಫೈಲ್ ಇಲ್ಲದೆ ಆಗದೇ ಇರೋ ಕೆಲಸಗಳೂ ಇವೆ. ಶ್ರೀನಿವಾಸಪುರಕ್ಕೆ ಮೊದಲು ಪಾಪನಪಲ್ಲಿ ಅಂತ ಹೆಸರಿತ್ತು, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಈಗಿನ ಹೆಸರು ಬಂತು. ಗಂಗರ ಶಾಸನಗಳಲ್ಲಿ ಬರೋ ಕುವಳಾಲವೇ ಕೋಲಾರ. ಯಾವ ಅಲ್ಗಾರಿದಮ್ಮೂ ಪಾಪನಪಲ್ಲಿ ನೋಡಿ ಶ್ರೀನಿವಾಸಪುರ ಅನ್ನಲ್ಲ, ಯಾರೋ ಗೊತ್ತಿರೋರು ಒಂದು ಲೈನ್ ಬರೆದಿಡಬೇಕು. ತಾಲ್ಲೂಕೂ ನಿಲ್ಲೋ ವಸ್ತು ಅಲ್ಲ. ಬೇತಮಂಗಲ ನೋಡಿ: 1905ರ ಪುಸ್ತಕದಲ್ಲಿ ಬೌರಿಂಗ್‌ಪೇಟೆ ತಾಲ್ಲೂಕು, 2011ರ ಜನಗಣತಿಯಲ್ಲಿ ಬಂಗಾರಪೇಟೆ, ಈಗ ಕೆಜಿಎಫ್. ಊರು ಇದ್ದಲ್ಲೇ ಇದೆ, ಕೀ ಎರಡು ಸಲ ಬದಲಾಗಿದೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದ ಮೇಲೆ ಆ ಸಂಪುಟದ ಅರ್ಧ ತಾಲ್ಲೂಕುಗಳು ಕೋಲಾರದಲ್ಲೇ ಇಲ್ಲ. ನಾವು ನಾಲ್ಕೇ ತಾಲ್ಲೂಕು ಹಿಡಿದುಕೊಂಡಿದ್ದಕ್ಕೆ ಬಚಾವ್.

(ಕಾಲಮ್‌ನ ಹೆಸರು ನೋಡಿ ಒಳಗಿರೋದನ್ನು ನಂಬಬಾರದು ಅನ್ನೋಕೆ ನಮ್ಮ ಕಡೆಯದೇ ಒಳ್ಳೇ ಉದಾಹರಣೆ ಡಿವಿಜಿ. ಇನಿಷಿಯಲ್‌ನ 'ಡಿ' ದೇವನಹಳ್ಳಿ, ಹುಟ್ಟಿದ್ದು ಮುಳಬಾಗಿಲು.)

ತಾತ ತೋರಿಸಿದ ದಿನ್ನೆ

ಇಷ್ಟೆಲ್ಲ ಮಾಡಿ, ಲೆಕ್ಕ ಕೂಡಿ, ಹೊಂದಿದ ಪಟ್ಟಿ ಪ್ರಿಂಟ್ ತೆಗೆದು, ಮುಳಬಾಗಿಲಿನವನು ಒಂದು ಶನಿವಾರ ತಾಲ್ಲೂಕಿನ ಒಂದು ಹಳ್ಳಿಗೆ ಹೋದ. ಹೋಗಿದ್ದು ಅಲ್ಲಿನ ಒಂದೇ ಒಂದು ಶಾಸನಕ್ಕೆ. ಗುಡಿ ಮುಂದೆ ಇತ್ತು, ಫೋಟೋ ತೆಗೆದ. ಕಟ್ಟೆ ಮೇಲೆ ಕೂತಿದ್ದ ತಾತ ಒಬ್ಬರು ಕೇಳಿದ್ರು:

"ಅದೊಂದೇನಾ ಬರ್ಕೊಂಡಿರೋದು? ಮಿಕ್ಕಿದ್ದು?"

"ಪುಸ್ತಕದಲ್ಲಿ ನಿಮ್ಮೂರಿಗೆ ಒಂದೇ ಇರೋದು ತಾತಾ."

"ಯಾವನಪ್ಪಾ ಹೇಳಿದ್ದು ಒಂದು ಅಂತ? ಕೆರೆ ಹಿಂದುಗಡೆ ಒಂದೈತೆ. ಹಾಳೂರು ದಿನ್ನೆ ಮೇಲೆ ಇನ್ನೊಂದೈತೆ. ಬಾ, ತೋರಿಸ್ತೀನಿ."

ಎರಡೂ ಇದ್ದವು. ಕೆರೆ ಹಿಂದಿನದು ಅರ್ಧ ಮಣ್ಣಲ್ಲಿ. ದಿನ್ನೆ ಮೇಲಿನದಕ್ಕೆ ಸುಣ್ಣ ಬಳಿದು ಕುಂಕುಮ ಇಟ್ಟಿದ್ರು. ಪಕ್ಕದ ಹೊಲದಲ್ಲಿ ಜೆಸಿಬಿ ಬಂದು ಮಟ್ಟ ಮಾಡಿದ ಗುರುತು ಹೊಸದಾಗಿತ್ತು. "ಇದನ್ನು ತೆಗೆದಾಕ್ತೀನಿ ಅಂದ, ನಾನೇ ಬೇಡ ಅಂದೆ" ಅಂದ್ರಂತೆ ತಾತ. ಆ ರಾತ್ರಿ ನಮ್ಮ ಗ್ರೂಪ್ ಕಾಲ್ ಒಂದೂವರೆ ಗಂಟೆವರೆಗೂ ನಡೀತು.

ಕೆರೆ ಹಿಂದಿನ ಕಲ್ಲು ಪುಸ್ತಕದಲ್ಲಿ ಇತ್ತು. ನಮ್ಮ ಮೂಲ ಫೈಲ್‌ನಲ್ಲೂ ಇತ್ತು. ಆದ್ರೆ ಆ ಪುಸ್ತಕದಲ್ಲಿ ಒಂದೇ ಊರಲ್ಲಿ ಹಲವು ಕಲ್ಲುಗಳಿದ್ರೆ ಊರ ಹೆಸರು ಒಂದು ಸಲ ಬರುತ್ತೆ, ಮುಂದಿನದಕ್ಕೆಲ್ಲ 'ಅದೇ ಊರು', 'ಅದೇ ಹೋಬಳಿ'. ನಾವು ಟೈಪ್ ಮಾಡಿದ್ದು ಹಾಗೇ. ಸುಮ್ಮನೆ ಉದಾಹರಣೆಗೆ ನಂಬರ್ ಹಾಕಿದ್ರೆ:

11 | ಆವಣಿ | ಆವಣಿ ಹೋಬಳಿ
12 | ಅದೇ ಊರು | ಅದೇ ಹೋಬಳಿ
13 | ಅದೇ ಊರು | ಅದೇ ಹೋಬಳಿ
14 | ಕುರುಡುಮಲೆ | ಕಸಬಾ ಹೋಬಳಿ

ಇದನ್ನು ಊರಿನ ಹೆಸರಿನ ಮೇಲೆ ಸಾರ್ಟ್ ಮಾಡಿದ್ರೆ? 12, 13 ಎರಡೂ ಎದ್ದು ಬಂದು ಫೈಲ್‌ನ ಮೇಲ್ಭಾಗದಲ್ಲಿ ಕೂರುತ್ವೆ, ಬೇರೆ ನೂರು 'ಅದೇ ಊರು'ಗಳ ಜೊತೆ. 'ಅದೇ' ಅಂದ್ರೆ ಯಾವುದು ಅಂತ ಇನ್ನು ದೇವರಿಗೇ ಗೊತ್ತು. ಆಮೇಲೆ ಅವು ಯಾವ ಗ್ರಾಮಕ್ಕೂ ಹೊಂದದೆ ಉಳಿಕೆಗೆ ಹೋಗಿದ್ವು. ಲೆಕ್ಕ ಕೂಡಿತ್ತು, ನಿಜ. ಆದ್ರೆ ಉಳಿಕೆ ಫೈಲ್ ತೆಗೆದು 'ಅದೇ ಊರು' ಅನ್ನೋ ಲೈನ್‌ಗಳನ್ನು ನೋಡಿ "ಏನೋ ಕಸ" ಅಂತ ಬಿಟ್ಟಿದ್ದು ನಾವೇ. ಡಿಕ್ಷನರಿ ಬಳಸೋವಾಗ ಸಾರ್ಟ್ ಬೇಕಾಗಿಯೇ ಇರ್ಲಿಲ್ಲ, ಮೊದಲ ದಿನ ಜಾಯಿನ್‌ಗೆ ಅಂತ ಮಾಡಿದ ಸಾರ್ಟ್ ಆದ ಫೈಲ್ ಅನ್ನೇ ಕೊನೆವರೆಗೂ ಎಳ್ಕೊಂಡು ಬಂದಿದ್ವಿ. ಪರಿಹಾರ ನಾಲ್ಕು ಲೈನ್ ಕೋಡ್: ಮೂಲ ಕ್ರಮದಲ್ಲಿ ಓದ್ತಾ ಹೋಗು, ಹಿಂದಿನ ಊರನ್ನು ನೆನಪಿಟ್ಕೋ, 'ಅದೇ' ಸಿಕ್ಕಿದ್ರೆ ಆ ಹೆಸರು ತುಂಬು. ಸಾರ್ಟ್ ಮಾಡೋದಾದ್ರೆ ಅದಾದ ಮೇಲೆ.

ದಿನ್ನೆ ಮೇಲಿನ ಕಲ್ಲಿನದು ಬೇರೆ ಕಥೆ. ಪುಸ್ತಕದಲ್ಲಿ ಅದು ಈ ಊರಿನದೇ ಅಲ್ಲ, ತಾತ 'ಹಾಳೂರು' ಅಂದ ಆ ಹಳೇ ಊರಿನ ಹೆಸರಲ್ಲಿತ್ತು. ಆ ಊರಲ್ಲಿ ಈಗ ಜನ ಇಲ್ಲ. ಕಂದಾಯದ ಮಾತಲ್ಲಿ ಬೇಚರಾಕ್ ಗ್ರಾಮ ಅಂತಾರೆ, ದೀಪ ಇಲ್ಲದ್ದು ಅಂತ ಅರ್ಥ ಬರೋ ಪಾರ್ಸಿ ಪದದಿಂದ ಬಂದಿದ್ದು. ಜನ ಇಲ್ಲದಿದ್ರೂ ಜಮೀನು ಇದೆ, ಸರ್ವೆ ನಂಬರ್ ಇದೆ, ಗಡಿ ಇದೆ. ಜನಗಣತಿ ಪಟ್ಟಿಯಲ್ಲೂ ಅಂಥ ಗ್ರಾಮಗಳು ಕೋಡ್ ಸಮೇತ ಇರುತ್ವೆ, ಜನಸಂಖ್ಯೆ ಕಾಲಮ್‌ನಲ್ಲಿ ಸೊನ್ನೆ.

ಆ ಸೊನ್ನೆ ಇರೋ ಲೈನ್‌ಗಳನ್ನು ನಾವು ಮೊದಲ ದಿನವೇ ತೆಗೆದುಹಾಕಿದ್ವಿ. "ಖಾಲಿ ಡೇಟಾ, ಕ್ಲೀನ್ ಮಾಡೋಣ" ಅಂತ. ಸ್ಕ್ರಿಪ್ಟ್‌ನಲ್ಲಿ ಒಂದೇ ಲೈನ್ ಅದು, ಬರೆದವನಿಗೆ ಬರೆದಿದ್ದೂ ನೆನಪಿರ್ಲಿಲ್ಲ. ನಮ್ಮ ಗಲ್ಲಾ ಲೆಕ್ಕ ಇದನ್ನು ಹಿಡಿಯೋಕೆ ಸಾಧ್ಯವೇ ಇರ್ಲಿಲ್ಲ, ಯಾಕಂದ್ರೆ ಅದು ಶಾಸನ ಫೈಲ್‌ನ ಲೈನ್‌ಗಳನ್ನು ಮಾತ್ರ ಎಣಿಸ್ತಿತ್ತು. ಜನಗಣತಿ ಕಡೆಯಿಂದ ಎಷ್ಟು ಬಿತ್ತು ಅಂತ ಯಾರೂ ಕೇಳಿರ್ಲಿಲ್ಲ. ಊರು ಬಿಟ್ಟು ಹೋದ ಜನ ಕಲ್ಲು ಹೊತ್ಕೊಂಡು ಹೋಗಲ್ಲವಲ್ಲ. ಶಾಸನ ಹುಡುಕೋರಿಗೆ ಆ ಸೊನ್ನೆಗಳೇ ಎಲ್ಲಕ್ಕಿಂತ ಮುಖ್ಯ. ಜನ ಇರೋ ಊರಲ್ಲಿ ಕಲ್ಲಿಗೆ ಏನಾದ್ರೂ ಆದ್ರೆ ಒಬ್ಬ ತಾತ ಆದ್ರೂ ಬೇಡ ಅಂತಾರೆ. ಜನ ಇಲ್ಲದ ಕಡೆ ಕೇಳೋರು ಯಾರು?

ಈಗ ಸ್ಕ್ರಿಪ್ಟ್ ಎರಡೂ ಕಡೆಯ ಲೆಕ್ಕ ಬರೆಯುತ್ತೆ. ಯಾವ ಲೈನ್ ಬಿಟ್ಟರೂ 'ಬಿಟ್ಟಿದ್ದು' ಅನ್ನೋ ಫೈಲ್‌ಗೆ ಕಾರಣ ಸಮೇತ ಹೋಗುತ್ತೆ, ಮಾಯ ಆಗೋ ಹಾಗಿಲ್ಲ. ಫೈಲ್‌ಗಳೆಲ್ಲ ಗಿಟ್‌ನಲ್ಲಿವೆ. ಮೊದಲು ಬೈದಿದ್ದ ಡಿಫ್ ಇಲ್ಲಿ ವಾಪಸ್ ಬಂತು: ಸ್ಕ್ರಿಪ್ಟ್‌ಗೆ ಒಂದು ನಿಯಮ ಸೇರಿಸಿ ಓಡಿಸಿದ ಮೇಲೆ ಹಳೇ ಫಲಿತಾಂಶಕ್ಕೂ ಹೊಸದಕ್ಕೂ ಡಿಫ್ ನೋಡ್ತೀವಿ. ಒಂದು ಊರು ಸರಿ ಮಾಡೋಕೆ ಹೋಗಿ ಇಪ್ಪತ್ತು ಊರು ಕೆಡಿಸಿದ್ರೆ ತಕ್ಷಣ ಗೊತ್ತಾಗುತ್ತೆ. ಇಲ್ಲಿ ಕ್ರಮ ಯಾವಾಗಲೂ ಒಂದೇ ಇರೋದರಿಂದ ಡಿಫ್‌ಗೂ ತಕರಾರಿಲ್ಲ.

ಓದೋ ವಿಷಯದಲ್ಲಿ ನಾವು ಇನ್ನೂ ಸೊನ್ನೆಯೇ. ಹಳಗನ್ನಡದ ಅಕ್ಷರ ನಮಗೆ ಬರಲ್ಲ, ಚೋಳರ ಕಾಲದ ತಮಿಳು ಶಾಸನಗಳಂತೂ ದೂರದ ಮಾತು. ದಿನ್ನೆ ಮೇಲಿನ ಕಲ್ಲು ಪುಸ್ತಕದಲ್ಲಿರೋದೇನಾ ಅಂತ ಅಕ್ಷರ ಹೋಲಿಸಿ ಹೇಳಬಲ್ಲವರಿಗೆ ಫೋಟೋ ಕಳಿಸಿದ್ದೀವಿ. ಹೊಂದಾಣಿಕೆ ಫೈಲ್‌ನಲ್ಲಿ ಆ ಲೈನ್ ಮುಂದೆ 'ಯಾಕೆ' ಕಾಲಮ್‌ನಲ್ಲಿ 'ಸ್ಥಳದಲ್ಲಿ ನೋಡಿದ್ದು', 'ಯಾರು ಹೇಳಿದ್ದು' ಕಾಲಮ್‌ನಲ್ಲಿ 'ಊರಿನ ಹಿರಿಯರು' ಅಂತ ಬರೆದಿದ್ದೀವಿ.

ಉಳಿಕೆ ಫೈಲ್‌ನಲ್ಲಿ ಈಗ ಮಿಕ್ಕಿರೋದು ಬಹುಪಾಲು ಶ್ರೀನಿವಾಸಪುರ ತಾಲ್ಲೂಕಿನವು, ನೆಲವಂಕಿ ಮತ್ತು ರಾಯಲ್ಪಾಡು ಹೋಬಳಿಗಳ ಕಡೆ. ಇಂಟರ್ನಲ್ಸ್ ಮುಗಿದ ಮೊದಲ ಶನಿವಾರ ಬೆಳಗ್ಗೆ ಕೋಲಾರ ಬಸ್ ಸ್ಟ್ಯಾಂಡ್‌ನಿಂದ ಹೊರಡ್ತೀವಿ. ಬರೋರು ಗ್ರೂಪ್‌ನಲ್ಲಿ ಹೆಸರು ಹಾಕಿ. ತೆಲುಗು ಚೆನ್ನಾಗಿ ಮಾತಾಡೋರು ಇನ್ನೊಬ್ಬರು ಬೇಕು, ಶ್ರೀನಿವಾಸಪುರದವಳು ಒಬ್ಬಳೇ ಎಲ್ಲಾ ಅಜ್ಜಿಯರನ್ನೂ ಮಾತಾಡಿಸೋಕಾಗಲ್ಲ ಅಂತಿದ್ದಾಳೆ.